ಗಣತಿಯೊಳಗ ಇಲ್ಲದ ನಮ್ಮ ಮಕ್ಕಳು



ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ.

ಬೆಟಗೇರಿಯ ನಮ್ಮ ಓಣಿಯೊಳಗ ನನ್ನ ಅಕ್ಕನ ಮಗ ಇದ್ದಾನ. ಈಗ ಹನ್ನೊಂದು ವರ್ಷ. ಖಡಕ್ ರೊಟ್ಟಿ ತಿಂತಾನ, ಆದರ ಪಲ್ಲೆ ರೊಟ್ಟಿಗೆ ತಾಗಬಾರದು. ಗಂಗಾಳ ಬದಲಾದರ ಅವತ್ತು ಊಟ ಇಲ್ಲ. ಹಲಗಿ ಸಪ್ಪಳ ಕೇಳಿದರ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ತಲಿ ಬಡಕೊಂತಾನ. ನಮ್ಮಪ್ಪ ಹಲಗಿ ಬಾರಿಸಿ ನಮ್ಮನ್ನೆಲ್ಲ ಸಾಕಿದವ. ಮೊಮ್ಮಗ ಒದ್ದಾಡೋದನ್ನ ನೋಡಿ ಹಲಗಿಯನ್ನ ಅಟ್ಟಕ್ಕ ಏರಿಸಿಬಿಟ್ಟ.

ಆ ಹುಡುಗನಿಗೆ ಮಂದಿ ಇಟ್ಟ ಹೆಸರು ಒಂದೇ ಎರಡೇ? ಹುಚ್ಚ, ಮೂಕ, ಗಾಳಿ ಹೊಕ್ಕವ. ಶಿರಹಟ್ಟಿ ಫಕೀರೇಶ್ವರ ಮಠಕ್ಕ ಹೋದ್ವಿ, ಲಕ್ಷ್ಮೇಶ್ವರದ ದರ್ಗಾಕ್ಕ ಹೋದ್ವಿ, ಮುಂಡರಗಿ ಕಡೆಯವರೊಬ್ಬರು ಕೊಟ್ಟ ತಾಯತ ಕಟ್ಟಿದ್ವಿ. ಸರಿಯಾದ ಹೆಸರು ಗೊತ್ತಾಗಿದ್ದು ಅವನಿಗೆ ಏಳು ತುಂಬಿದ ಮ್ಯಾಲ: ಆಟಿಸಂ, ಅಂದರ ಸ್ವಲೀನತೆ. ಅವತ್ತಿನಿಂದ ಒಂದು ಪ್ರಶ್ನೆ ನನ್ನನ್ನ ಕಾಡ್ತಾ ಐತಿ. ಇಂಥ ಮಕ್ಕಳು ನಮ್ಮ ಕೇರಿಗಳೊಳಗ ಮೊದಲು ಇರಲಿಲ್ಲೇನು? ಇದ್ದರು. ಲೆಕ್ಕದೊಳಗ ಇರಲಿಲ್ಲ, ಅಷ್ಟೇ.

ಬ್ರಿಟಿಷರ ಕಾಲದೊಳಗ ನಮ್ಮ ಈ ನಾಲ್ಕು ಊರು ಒಂದೇ ಆಡಳಿತದಾಗ ಇರಲಿಲ್ಲ. ಗದಗ-ಬೆಟಗೇರಿ, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯೊಳಗ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದೊಳಗ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದೊಳಗ. ಆಳೋರು ಬೇರೆ ಬೇರೆ, ಜನಗಣತಿ ಮಾತ್ರ ಒಂದೇ. 1881ರಿಂದ 1931ರವರೆಗೆ ಆ ಗಣತಿಯೊಳಗ ಅಂಗವೈಕಲ್ಯಕ್ಕ ನಾಲ್ಕು ಗುಂಪು ಇದ್ದವು: ಹುಚ್ಚರು, ಕಿವುಡ-ಮೂಕರು, ಕುರುಡರು, ಕುಷ್ಠರೋಗಿಗಳು. ನನ್ನ ಅಕ್ಕನ ಮಗ ಅವತ್ತು ಹುಟ್ಟಿದ್ದರ ಬಹುಶಃ ಮೊದಲನೇ ಗುಂಪಿಗೆ, ಇಲ್ಲಾ ಎರಡನೇದಕ್ಕ ಬೀಳತಿದ್ದ. 1912ರ ಹುಚ್ಚರ ಕಾಯ್ದೆ ಬುದ್ಧಿ ಬೆಳೆಯದವರನ್ನೂ 'ಹುಚ್ಚರು' ಅನ್ನೋ ವ್ಯಾಖ್ಯೆಯೊಳಗೇ ಸೇರಿಸಿತ್ತು. ಧಾರವಾಡದ ಹುಚ್ಚಾಸ್ಪತ್ರೆ 1845ರಷ್ಟು ಹಳೇದು, ಇವತ್ತಿನ ಡಿಮ್ಹಾನ್ಸ್. "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನೋ ನಮ್ಮ ಕಡೆ ಬೈಗುಳ ಅಲ್ಲಿಂದಲೇ ಬಂದದ್ದು.

1931ರ ನಂತರ ಏನಾತು? ಅಂಗವೈಕಲ್ಯದ ಎಣಿಕೆ ನಿಂತುಹೋತು. ಎಲ್ಲ ಜಾತಿಗಳ ಪೂರ್ತಿ ಎಣಿಕೆ ಕೊನೆಯದಾಗಿ ಪ್ರಕಟ ಆಗಿದ್ದೂ ಅದೇ 1931ರೊಳಗ. ಎರಡೂ ಒಟ್ಟಿಗೇ ಮರೆಯಾದವು. 1981ರೊಳಗ ಕುರುಡರು, ಮೂಕರು, ಕುಂಟರು ಅಂತ ಒಂದಿಷ್ಟು ಕೇಳಿದರು. 1991ರೊಳಗ ಮತ್ತ ಏನೂ ಇಲ್ಲ. 2001ರೊಳಗ ಐದು ಬಗೆ, 2011ರೊಳಗ ಎಂಟು ಬಗೆ. ಆಟಿಸಂಗೆ ಅಂತ ಒಂದು ಸಂಖ್ಯೆ ಅಲ್ಲಿಯೂ ಇಲ್ಲ. 2011ರ ಪ್ರಕಾರ ಗದಗ ಜಿಲ್ಲೆಯ ಜನಸಂಖ್ಯೆ 10.64 ಲಕ್ಷ. ಜಗತ್ತಿನೊಳಗ ಸುಮಾರು 127 ಜನಕ್ಕ ಒಬ್ಬರಿಗೆ ಆಟಿಸಂ ಐತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಲೆಕ್ಕ ಹಿಡಿದರ ನಮ್ಮ ಜಿಲ್ಲೆಯೊಳಗೇ ಎಂಟು ಸಾವಿರ ಜನ ಇರಬೇಕು. ಎಲ್ಲಿದ್ದಾರ ಅವರು?

"ಇದು ದೊಡ್ಡ ಮಂದಿ, ಓದಿದ ಮಂದಿ ಮಕ್ಕಳ ಕಾಯಿಲೆ, ನಮ್ಮೋರಿಗೆ ಬರಂಗಿಲ್ಲ" ಅನ್ನೋರು ನಮ್ಮೊಳಗೇ ಇದ್ದಾರ. ಈ ಮಾತಿಗೂ ಇತಿಹಾಸ ಐತಿ. 1943ರೊಳಗ ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದ. ಬಹುತೇಕ ಎಲ್ಲರೂ ಓದಿದ, ಸ್ಥಿತಿವಂತರ ಮನಿ ಮಕ್ಕಳು. ಅಲ್ಲಿಂದ ಆಟಿಸಂ ಶ್ರೀಮಂತರ ಕಾಯಿಲೆ ಆತು. 1980ರೊಳಗ ಇಂಗ್ಲೆಂಡಿನ ಲೋರ್ನಾ ವಿಂಗ್ ಒಂದು ಪ್ರದೇಶದ ಮಕ್ಕಳನ್ನ ಹುಡುಕಿ ನೋಡಿದಾಗ ಗೊತ್ತಾತು: ಇದು ಎಲ್ಲ ವರ್ಗದೊಳಗೂ ಐತಿ. ದೊಡ್ಡ ವೈದ್ಯರ ಬಾಗಿಲತನಕ ಹೋಗೋ ಶಕ್ತಿ ಯಾರಿಗಿತ್ತೋ ಅವರ ಮಕ್ಕಳಷ್ಟೇ ಪುಸ್ತಕದೊಳಗ ಬಂದಿದ್ದರು. ಆಕೆಯೂ ಆಟಿಸಂ ಇದ್ದ ಮಗಳ ತಾಯಿ.

ಇನ್ನೊಂದು ಮಾತು, ಕರ್ಮದ್ದು. "ಹೋದ ಜನ್ಮದ ಪಾಪ, ತಾಯಿ ಮಾಡಿದ್ದನ್ನ ಮಗ ಉಣ್ತಾನ" ಅಂತ ನನ್ನ ಅಕ್ಕನ ಮುಖದ ಮ್ಯಾಲೇ ಅಂದವರಿದ್ದಾರ. ನಾವು ಕೇರಿಯೊಳಗ ಹುಟ್ಟಿದ್ದಕ್ಕೂ ಅವರು ಕೊಟ್ಟ ಕಾರಣ ಅದೇ ಕರ್ಮ ಅಲ್ಲೇನು? ಅದನ್ನ ಒಪ್ಪದ ನಾವು ಇದನ್ನ ಹೆಂಗ ಒಪ್ಪೋದು? ಪಶ್ಚಿಮದವರೂ ಇದರಾಗ ಕಡಿಮಿ ಇಲ್ಲ. ತಾಯಿಯ ಪ್ರೀತಿ ತಣ್ಣಗಾಗಿದ್ದಕ್ಕ ಮಗು ಹಿಂಗಾತು ಅಂತ 1967ರೊಳಗ ಬ್ರೂನೋ ಬೆಟಲ್‌ಹೈಮ್ ಪುಸ್ತಕಾನೇ ಬರೆದ. ಅದಕ್ಕೂ ಮೊದಲೇ, 1964ರೊಳಗ, ಬರ್ನಾರ್ಡ್ ರಿಮ್ಲಂಡ್ ಅನ್ನೋ ತಂದೆ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಂದಿರ ತಪ್ಪಲ್ಲ ಅಂತ ವಾದಿಸಿದ್ದ. ಅವನ ಮಗನಿಗೂ ಆಟಿಸಂ ಇತ್ತು.

ಗದಗಿಗೆ ಇನ್ನೊಂದು ಇತಿಹಾಸನೂ ಐತಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದೊಳಗ ಅಂಧ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 'ಕಣ್ಣು ಬರಲಿ, ಆಮ್ಯಾಲ ಕಲಿಸ್ತೀವಿ' ಅಂತ ಯಾರೂ ಅನ್ನಲಿಲ್ಲ. ಮಗು ಹೆಂಗೈತೋ ಹಂಗೇ ಕಲಿಸೋ ದಾರಿ ಹುಡುಕಿದರು. ಮಾತು ಬಾರದ ಮಗುವಿಗೆ ಚಿತ್ರ ತೋರಿಸಿ, ಸನ್ನೆ ಕಲಿಸಿ, ನಾಳೆ ಏನಾಗ್ತದ ಅಂತ ಮೊದಲೇ ತಿಳಿಸಿ ಬೆಳೆಸೋದೂ ಇದೇ ಕೆಲಸ. ಅದು ಈ ಊರಿಗೆ ಹೊಸದೇನಲ್ಲ.

ಕಾನೂನು ತಡವಾಗಿ ಬಂತು. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಯೊಳಗ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯೊಳಗ ಹೆಸರು ಬಂತು. 2016ರ ಕಾಯ್ದೆ 21 ಬಗೆಗಳೊಳಗ ಅದನ್ನ ಸೇರಿಸಿತು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದರ 6ರಿಂದ 18 ವರ್ಷದತನಕ ಉಚಿತ ಶಿಕ್ಷಣ ಹಕ್ಕು ಅಂತ ಬರೆದೈತಿ. ಆದರ ಸರ್ಟಿಫಿಕೇಟ್ ಇಲ್ಲದ ಹಕ್ಕು ಕೈಗೆ ಬರಂಗಿಲ್ಲ. ಅದಕ್ಕಾಗಿ ನನ್ನ ಅಕ್ಕ ಆರು ಸಲ ಕೂಲಿ ಬಿಟ್ಟಳು. ಒಂದು ಕಚೇರಿಯೊಳಗ "ನೋಡಾಕ ಚಲೋನೇ ಅದಾನಲ್ಲ" ಅಂದು ವಾಪಸ್ ಕಳಿಸಿದರು. ಜಾತಿ ಸರ್ಟಿಫಿಕೇಟಿಗೆ ಒಂದು ಸಾಲು, ಇದಕ್ಕ ಇನ್ನೊಂದು ಸಾಲು. ಎರಡರಾಗೂ ನಿಂತವಳು ಅದೇ ಹೆಣ್ಣುಮಗಳು.

ಬಂಧುಗಳೇ, ನಾವು ಕೇಳಬೇಕಾದ್ದು ಇಷ್ಟು. ಒಂದು, ಪ್ರತಿ ತಾಲೂಕಿನೊಳಗ ಮಾತು ಮತ್ತು ನಡವಳಿಕೆ ಕಲಿಸೋ ಕೇಂದ್ರ ಬೇಕು, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದೊಳಗ ನಮ್ಮ ಮಕ್ಕಳ ಪಾಲು ಅಲ್ಲಿ ಕಾಣಬೇಕು. ಎರಡು, ಆರ್‌ಬಿಎಸ್‌ಕೆ ವೈದ್ಯರ ತಂಡ ವರ್ಷಕ್ಕ ಎರಡು ಸಲ ಅಂಗನವಾಡಿಗೆ ಬರಬೇಕು ಅಂತ ನಿಯಮ ಐತಿ. ಬಂದಾಗ ನಮ್ಮ ಕೇರಿಯ ಅಂಗನವಾಡಿಗೂ ಬಂದರೋ ಇಲ್ಲೋ ನೋಡ್ರಿ. ಮೂರು, 2027ರ ಜನಗಣತಿಯೊಳಗ ಜಾತಿ ಎಣಿಸ್ತೀವಿ ಅಂದಾರ. 21 ವೈಕಲ್ಯಗಳನ್ನೂ ಎಣಿಸ್ರಿ ಅಂತ ಮನವಿ ಕೊಡೋಣ.

ಎಣಿಸಾಕ ಬಂದವರು ಬಾಗಿಲಿಗೆ ನಿಂತಾಗ ಮಗುವನ್ನ ಒಳಗ ಮುಚ್ಚಿಡಬ್ಯಾಡ್ರಿ. ಹೊರಗ ಕರಕೊಂಡು ಬಂದು, ಹೆಸರು ಹೇಳಿ ಬರೆಸ್ರಿ.

ಜೈ ಭೀಮ್.