ಕಾಗೆಯ ಕಡವಿನಿಂದ ಬಂದ ಹೆಸರು

ನಮ್ಮ ಬಾಳೂರು ಸೀಮೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಮುಟ್ಟಿ ಹರಿಯುತ್ತದೆ. ಆ ಊರಿನ ಆಸ್ಪತ್ರೆಯನ್ನು ಜನ ಕ್ರಾಫರ್ಡ್ ಆಸ್ಪತ್ರೆ ಎನ್ನುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಕಚೇರಿಯಿರುವ ಭವನಕ್ಕೂ ಕ್ರಾಫರ್ಡ್ ಹಾಲ್ ಎಂದೇ ಹೆಸರು. ಕಾಫಿ ಸೀಮೆಯವರಿಗೆ ಇದು ತೋಟದ ದೊರೆಗಳ ಹೆಸರು. ಆದರೆ ಇದರ ಮೂಲ ಒಂದು ಹಳ್ಳಿ ಎಂಬುದನ್ನು ತಾವು ಬಲ್ಲಿರಾ?

ಸ್ಕಾಟ್ಲೆಂಡಿನ ಲ್ಯಾನಾರ್ಕ್ ಸೀಮೆಯಲ್ಲಿ, ಕ್ಲೈಡ್ ನದಿಯ ಬಳಿ, ಕ್ರಾಫರ್ಡ್ ಎಂಬ ಊರಿದೆ. ಹಳೆಯ ಇಂಗ್ಲಿಷಿನಲ್ಲಿ 'ಕ್ರಾವೆ' ಎಂದರೆ ಕಾಗೆ. 'ಫೋರ್ಡ್' ಎಂದರೆ ಹೊಳೆ ದಾಟುವ ಕಡವು. ಮೊದಲನೆಯ ಡೇವಿಡ್ ದೊರೆಯ (1124–1153) ಕಾಲದಿಂದೀಚೆಗೆ, ಭೂಮಿ ಪಡೆದ ಒಡೆಯರು ಆ ಭೂಮಿಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಳ್ಳುವ ರೂಢಿ ಅಲ್ಲಿ ಬೆಳೆಯಿತು. ಕ್ರಮೇಣ ಅದು ಮಕ್ಕಳು ಮೊಮ್ಮಕ್ಕಳಿಗೂ ಮನೆತನದ ಹೆಸರಾಯಿತು; ಆ ಊರನ್ನು ಕಾಣದವರೂ ಅದನ್ನು ಹೊತ್ತು ಕಡಲು ದಾಟಿದರು.

ನಮ್ಮಲ್ಲಿಯೂ ಇದು ಹೊಸತಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಎನ್ನುವಂತೆ ಉತ್ತರ ಕರ್ನಾಟಕದಲ್ಲಿ ಊರು ಹೆಸರಿನ ಕೊನೆಗೆ ನಿಲ್ಲುತ್ತದೆ. ನಮ್ಮ ಕಡೆ ಅದು ಮೊದಲಿಗೆ ಬರುತ್ತದೆ, ಅದೂ ಒಂದಕ್ಷರವಾಗಿ. ಡಿ.ವಿ.ಜಿ.ಯವರ 'ಡಿ' ದೇವನಹಳ್ಳಿ. ಕುವೆಂಪು ಅವರ 'ಕು' ಕುಪ್ಪಳಿ. ಮಾಸ್ತಿಯವರಂತೂ ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದರು.

ತರಗತಿಯಲ್ಲಿ ಹಾಜರಿ ಕರೆಯುವಾಗ, "ನಿನ್ನ ಹೆಸರಿನ ಮೊದಲಕ್ಷರ ಯಾವ ಊರಪ್ಪ?" ಎಂದು ಹುಡುಗರನ್ನು ಕೇಳುವುದುಂಟು. ಹಲವರು ತಲೆ ತಗ್ಗಿಸುತ್ತಾರೆ. ಸ್ಕಾಟರು ಹೆಸರನ್ನು ಪೂರ್ತಿಯಾಗಿ ಉಳಿಸಿಕೊಂಡದ್ದರಿಂದ, ಕಾಗೆಗಳ ಆ ಕಡವು ಎಂಟುನೂರು ವರ್ಷಗಳ ಮೇಲೂ ನಮಗೆ ತಿಳಿಯುತ್ತದೆ. ಒಂದಕ್ಷರಕ್ಕೆ ಇಳಿದ ಊರಾದರೋ ಎರಡು ತಲೆಮಾರಿನಲ್ಲಿಯೇ ಮರೆತುಹೋಗುತ್ತದೆ. ಆದುದರಿಂದ ಮನೆಯ ಹಿರಿಯರನ್ನು ಇಂದೇ ಕೇಳಿ. ಮಕ್ಕಳ ಪುಸ್ತಕದ ಮೇಲೆ ಆ ಊರನ್ನು ಪೂರ್ತಿಯಾಗಿ ಬರೆಯಿಸಿ.