ಹೈದರಾಬಾದಿನ ‘ಸಿಯಾಸತ್’: ಉರ್ದು ದಿನಪತ್ರಿಕೆಯೊಂದರ ಚರಿತ್ರೆ

ಊದ್ ಮೇಥಾದ ಅಂಗಡಿಗಳಲ್ಲಿ, ಟ್ಯಾಕ್ಸಿಗಳಲ್ಲಿ ನಮ್ಮ ಕಿವಿಗೆ ಉರ್ದು ಬೀಳದ ದಿನವಿಲ್ಲ. ಆದರೂ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಉರ್ದು ಪತ್ರಿಕೆಯ ಚರಿತ್ರೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯವರು ಹಾಗೆ ಕೇಳಲಾರರು.

ಆ ಮೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡವಾಡುವ ಹುಡುಗ ವಕೀಲನಾಗಲು ಉರ್ದು ಕಲಿಯಲೇಬೇಕಿತ್ತು. ಆ ಕಡೆಯವರ ಮಾತಿನಲ್ಲಿ ಸುದ್ದಿಗೆ ಇಂದಿಗೂ ‘ಖಬರ್’ ಎನ್ನುವುದುಂಟು. ಅದರ ಬಹುವಚನವಾದ ‘ಅಖ್ಬಾರ್’ ಎಂಬ ಅರಬ್ಬಿ ಪದವನ್ನು ನಾವು ಇಲ್ಲಿಯೂ ನಿತ್ಯ ಕೇಳುತ್ತೇವೆ.

ಆದರೆ ಉರ್ದು ಎಂದರೆ ನಿಜಾಮರ ಪಕ್ಷ ಎಂದು ತಿಳಿಯುವುದು ತಪ್ಪು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಖಂಡಿಸಿ, ಹೈದರಾಬಾದ್ ಭಾರತದೊಡನೆ ಸೇರಬೇಕೆಂದು ಬರೆದರು. ಅದಕ್ಕಾಗಿ 1948ರ ಆಗಸ್ಟಿನಲ್ಲಿ ಅವರ ಕೊಲೆಯಾಯಿತು. ಮುಂದಿನ ತಿಂಗಳೇ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಉರ್ದುವಿಗೆ ಇದ್ದ ರಾಜಾಶ್ರಯವೂ ಅದರೊಂದಿಗೆ ಹೋಯಿತು.

ಇಂಥ ಹೊತ್ತಿನಲ್ಲಿ, 1949ರ ಆಗಸ್ಟ್ 15ರಂದು, ಅಬಿದ್ ಅಲಿ ಖಾನ್ ಮತ್ತು ಮೆಹಬೂಬ್ ಹುಸೇನ್ ಜಿಗರ್ ‘ಸಿಯಾಸತ್’ ದಿನಪತ್ರಿಕೆಯನ್ನು ಹೊರತಂದರು. ಸಿಯಾಸತ್ ಎಂದರೆ ರಾಜಕಾರಣ. ಆಶ್ರಯ ಕೊಡಲು ಅರಸನಿಲ್ಲ. ಇದ್ದವರು ಓದುಗರು ಮಾತ್ರ.

ಕೆಲಸವೂ ಸುಲಭದ್ದಲ್ಲ. 1843ರಲ್ಲಿ ನಮ್ಮ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಬಂದಿತ್ತು. ಕನ್ನಡ ಬೇಗನೆ ಅಚ್ಚುಮೊಳೆಗೆ ಹೊಂದಿಕೊಂಡಿತು. ಉರ್ದುವಿನ ನಸ್ತಾಲಿಕ್ ಬರಹದಲ್ಲಿ ಅಕ್ಷರಗಳು ಓರೆಯಾಗಿ ಇಳಿಯುತ್ತವೆ, ಪಕ್ಕದ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಅದನ್ನು ಮೊಳೆಗಳಿಗೆ ಒಗ್ಗಿಸುವುದು ಕಷ್ಟವಾಯಿತು. ಆದ್ದರಿಂದ ‘ಕಾತಿಬ’ ಎಂಬ ಲಿಪಿಕಾರರು ದಿನದ ಸುದ್ದಿಯನ್ನೆಲ್ಲ ಕೈಯಿಂದ ಬರೆದು ಕೊಡಬೇಕಿತ್ತು. 1981ರಲ್ಲಿ ‘ನೂರಿ ನಸ್ತಾಲಿಕ್’ ಬಂದ ಮೇಲೆ ಉರ್ದು ಪತ್ರಿಕೆಗಳು ಕ್ರಮೇಣ ಗಣಕಯಂತ್ರಕ್ಕೆ ತಿರುಗಿದವು.

1992ರಲ್ಲಿ ಅಬಿದ್ ಅಲಿ ಖಾನ್ ತೀರಿಕೊಂಡರು. ಅವರ ಮಗ ಜಾಹಿದ್ ಅಲಿ ಖಾನ್ ಹೊಣೆ ಹೊತ್ತರು. ಮುಂದೆ ಬೆಂಗಳೂರಿನಿಂದಲೂ ಆವೃತ್ತಿ ಹೊರಟಿತು. ಆದರೆ ನಮ್ಮ ಮನಸ್ಸಿಗೆ ಹೆಚ್ಚು ತಟ್ಟುವ ಕೆಲಸ ಇನ್ನೊಂದು. ಮನೆಯಲ್ಲಿ ಉರ್ದು ಆಡಿದರೂ ಲಿಪಿ ಬಾರದ ಮಕ್ಕಳು ಹೆಚ್ಚಿದಾಗ, ಅಬಿದ್ ಅಲಿ ಖಾನರ ಹೆಸರಿನ ಟ್ರಸ್ಟು ‘ಉರ್ದು ದಾನಿ’, ‘ಜಬಾನ್ ದಾನಿ’, ‘ಇನ್ಶಾ’ ಎಂಬ ಪರೀಕ್ಷೆಗಳನ್ನು ನಡೆಸಿತು. ಅಕ್ಷರ ಬಲ್ಲವರಿಲ್ಲದಿದ್ದರೆ ನಾಳೆ ಪತ್ರಿಕೆಯನ್ನು ಓದುವವರಾರು?

ಈ ಪ್ರಶ್ನೆ ನಮ್ಮದೂ ಹೌದು. ಊರಿನಲ್ಲಿ ಕನ್ನಡಕ್ಕೆ ಸರ್ಕಾರವಿದೆ, ಶಾಲೆಯಿದೆ. ಇಲ್ಲಿ ಅದಕ್ಕಿರುವುದು ನಮ್ಮ ಮನೆಗಳು ಮತ್ತು ಈ ಸಂಘ. ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಮಾತನಾಡುತ್ತಾರೆ, ಆದರೆ ಈ ಸಂಚಿಕೆಯನ್ನು ಓದಲಾರರು. ರಾಜಾಶ್ರಯ ತಪ್ಪಿದ ಭಾಷೆಯನ್ನು ಹೈದರಾಬಾದಿನ ಓದುಗರು ಉಳಿಸಿಕೊಂಡರು. ವಾರಕ್ಕೊಂದು ಗಂಟೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅ ಆ ಇ ಈ ತಿದ್ದಿಸೋಣ. ಸಂಘದ ಮುಂದಿನ ಸಂಚಿಕೆಯನ್ನು ಅವರೇ ನಮಗೆ ಓದಿ ಹೇಳುವಂತಾಗಲಿ.