ಬಾರಕೂರಿನ ಕೋಟೆ, ಭೂತಾಳಪಾಂಡ್ಯನ ಕಟ್ಟು

ಎಗ್ಮೋರಿನಿಂದ ಮಂಗಳೂರಿನ ರೈಲು ಹಿಡಿಯುವ ನಮ್ಮಲ್ಲಿ ಹಲವರು ನಿಲ್ದಾಣದ ಎದುರಿನ ಕೆಂಪು ಕಟ್ಟಡವನ್ನು ಗಮನಿಸುವುದಿಲ್ಲ. ಅದು ತಮಿಳುನಾಡು ಪತ್ರಾಗಾರ, 1909ರಿಂದ ಮದರಾಸು ಸರಕಾರದ ಕಡತಗಳ ನೆಲೆ. ದಕ್ಷಿಣ ಕನ್ನಡವು 1956ರವರೆಗೂ ಮದರಾಸಿನ ಜಿಲ್ಲೆಯೇ ಆಗಿತ್ತು. ಆ ಕಾರಣದಿಂದಲೇ ಅಲ್ಲಿಯ ಹಾಳುಕೋಟೆಯೊಂದರ ಐತಿಹ್ಯ ಈ ಊರಿನ ನ್ಯಾಯಪೀಠದವರೆಗೂ ಬಂದಿತು.

ಆ ಕೋಟೆ ಇರುವುದು ಉಡುಪಿ ಜಿಲ್ಲೆಯ ಬಾರಕೂರಿನಲ್ಲಿ, ಸೀತಾನದಿ ಕಡಲನ್ನು ಸೇರುವ ಹಾದಿಯಲ್ಲಿ. ವಿಜಯನಗರದ ಹರಿಹರನು ಕಟ್ಟಿಸಿದನೆಂದು ಹೇಳುವ ಈ ಕೋಟೆಯನ್ನು ನೋಡಲು ಹೋದ ನಮಗೆ ಸಿಕ್ಕಿದ್ದು ಮಣ್ಣಿನ ದಿಣ್ಣೆಗಳು, ಹುಲ್ಲು, ಚದುರಿದ ಕಲ್ಲುಗಳು. ಬುರುಜು, ಹೆಬ್ಬಾಗಿಲುಗಳನ್ನು ನೆನೆದು ಹೋದವರಿಗೆ ನಿರಾಸೆ ಖಂಡಿತ.

ಕಥೆ ಮಾತ್ರ ಚೂರೂ ಸವೆದಿಲ್ಲ. ದೇವಪಾಂಡ್ಯನು ಹೊಸ ಹಡಗುಗಳನ್ನು ನೀರಿಗಿಳಿಸಹೊರಟಾಗ ಭೂತರಾಜ ಕುಂಡೋದರನು ತಡೆದು ಅರಸನ ಮಗನನ್ನೇ ಬಲಿ ಕೇಳುತ್ತಾನೆ. ರಾಣಿ ಒಪ್ಪುವುದಿಲ್ಲ. ಅರಸನ ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದಿಡುತ್ತಾಳೆ. ಮೆಚ್ಚಿದ ಭೂತ ಹುಡುಗನನ್ನು ಉಳಿಸಿ ಭೂತಾಳಪಾಂಡ್ಯನೆಂದು ಹೆಸರಿಟ್ಟಿತು; ರಾಜ್ಯ ಮಗನಿಗಲ್ಲ, ಅಳಿಯನಿಗೆ ಎಂಬ ಕಟ್ಟು ಹುಟ್ಟಿತು. ಅದೇ ಅಳಿಯಸಂತಾನ.

ಇದ್ದ ರೂಢಿಗೆ ಅನಂತರ ಹೆಣೆದ ಕಥೆಯಿದು ಎಂದೇ ನಮ್ಮ ಎಣಿಕೆ. ಆದರೂ ಅದು ಹಡಗಿನಿಂದ ತೊಡಗುವುದು ಸುಮ್ಮನೆ ಅಲ್ಲ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ, ‘ಫಾಕನೂರಿ’ನ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುವೆಂದು ಬರೆದಿದ್ದಾನೆ. ಇನ್ನೊಂದು ಸೋಜಿಗವನ್ನೂ ಹೇಳಬೇಕು. 13ನೆಯ ಶತಮಾನದ ಕೊನೆಯಲ್ಲಿ ಇದೇ ಬಾರಕೂರಿನಿಂದ ಆಳುಪರ ರಾಣಿ ಬಲ್ಲಮಹಾದೇವಿ ರಾಜ್ಯವಾಳಿದಳು. ಕಥೆಯ ರಾಣಿ ಮಗನನ್ನು ಕೊಡದೆ ಕೆಟ್ಟವಳಾದಳು. ಶಾಸನದ ರಾಣಿ ತಾನೇ ದೊರೆಯಾಗಿದ್ದಳು. ಊರು ನೆನಪಿಟ್ಟುಕೊಂಡದ್ದು ಮೊದಲನೆಯವಳನ್ನು.

ಭೂತಾಳಪಾಂಡ್ಯನ ಹೆಸರಿನ ಕಟ್ಟುಕಟ್ಟಳೆಯ ಗ್ರಂಥವನ್ನು ಬ್ರಿಟಿಷರ ಕಾಲದ ವಿದ್ವಾಂಸರು ಸಂಶಯದಿಂದಲೇ ಕಂಡರು. ರೂಢಿಯನ್ನು ಮಾತ್ರ ನ್ಯಾಯಾಲಯ ಬಿಗಿಯಾಗಿಯೇ ಹಿಡಿಯಿತು: ಎಲ್ಲರೂ ಒಪ್ಪದ ಹೊರತು ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಯಾರೊಬ್ಬರೂ ಪಾಲು ಮಾಡಿಸಿಕೊಳ್ಳುವಂತಿಲ್ಲವೆಂದು 1863ರಲ್ಲಿ ಮದರಾಸು ಹೈಕೋರ್ಟು ತೀರ್ಪಿತ್ತಿತು. ದೊಡ್ಡ ಮನೆಗಳಲ್ಲಿ ಯಜಮಾನನೊಡನೆ ಬಾಳಲಾರದ ತಂಗಿಗೆ, ಅವಳ ಮಕ್ಕಳಿಗೆ ಊಟದ ಹಕ್ಕಿತ್ತು, ಪಾಲಿನ ಹಕ್ಕಿರಲಿಲ್ಲ.

ಪಾಲು ಕೇಳುವ ಹಕ್ಕು ಬಂದದ್ದು ಮದರಾಸು ಶಾಸನಸಭೆಯ 1949ರ ಅಳಿಯಸಂತಾನ ಕಾಯಿದೆಯಿಂದ. ಅದು ಹಕ್ಕನ್ನು ಕೊಟ್ಟದ್ದು ‘ಕವರಿ’ಗೆ, ಎಂದರೆ ಒಬ್ಬ ಹೆಣ್ಣಿನಿಂದ ಹೆಣ್ಣುಮಕ್ಕಳ ಮೂಲಕ ಇಳಿದುಬಂದ ಕವಲಿಗೆ.